ಲಸಿಕೆಯ ತಂಪಿಗೆ ಕಾವಲು: ಉಷ್ಣತಾ ದಾಖಲೆ ಯಂತ್ರ

"ಲಸಿಕೆ ಹಾಕಿಸಿದ್ದರೂ ದನಗಳಿಗೆ ಕಾಲುಬಾಯಿ ಬೇನೆ ಬಂತು" ಎಂಬ ದೂರು ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಹೀಗಾಗಲು ಕಾರಣಗಳು ಹಲವು. ಲಸಿಕೆ ಹಾಕುವ ಮೊದಲೇ ರೋಗಾಣು ದನದ ಮೈ ಸೇರಿರಬಹುದು. ರೋಗನಿರೋಧಕ ಶಕ್ತಿ ಬೆಳೆಯಲು ಬೇಕಾದ ಎರಡು ಮೂರು ವಾರಗಳು ಕಳೆಯುವುದರೊಳಗೆ ಸೋಂಕು ತಗುಲಿರಬಹುದು. ಜಂತುಬಾಧೆಯಿಂದ ಸೊರಗಿದ ದನದಲ್ಲಿ ಈ ಶಕ್ತಿ ಸರಿಯಾಗಿ ಬೆಳೆಯದೆಯೂ ಇರಬಹುದು. ಇವುಗಳ ಜೊತೆಗೆ ಕಣ್ಣಿಗೆ ಕಾಣದ ಮತ್ತೊಂದು ಕಾರಣವಿದೆ. ತಯಾರಿಕಾ ಕೇಂದ್ರದಿಂದ ಕೊಟ್ಟಿಗೆಯವರೆಗಿನ ದಾರಿಯಲ್ಲಿ ಎಲ್ಲೋ ಒಂದೆಡೆ ಲಸಿಕೆ ಬಿಸಿಯಾಗಿ, ಇಲ್ಲವೆ ಹೆಪ್ಪುಗಟ್ಟಿ, ತನ್ನ ಸತ್ವವನ್ನು ಕಳೆದುಕೊಂಡಿರಬಹುದು.

ಮೊಳಕೆಯ ಶಕ್ತಿ ಕಳೆದುಕೊಂಡ ಬಿತ್ತನೆ ಬೀಜ ನೋಡುವುದಕ್ಕೆ ಒಳ್ಳೆಯ ಬೀಜದಂತೆಯೇ ಇರುತ್ತದೆ. ಕೆಟ್ಟ ಲಸಿಕೆಯೂ ಹಾಗೆಯೇ. ಆದರೆ ಬೀಜವಾದರೆ ನೂರು ಕಾಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಮೊಳಕೆಯ ಪ್ರಮಾಣವನ್ನು ಮನೆಯಲ್ಲಿಯೇ ತಿಳಿಯಬಹುದು. ಲಸಿಕೆಗೆ ಅಂತಹ ಸುಲಭ ಪರೀಕ್ಷೆ ರೈತನ ಕೈಯಲ್ಲಿಲ್ಲ. ಅದು ದಾರಿಯುದ್ದಕ್ಕೂ ಎಷ್ಟು ಉಷ್ಣತೆಯಲ್ಲಿತ್ತು ಎಂಬ ದಾಖಲೆಯೇ ಅದರ ಪರೀಕ್ಷೆ. ಈ ದಾಖಲೆಯನ್ನು ಹಗಲು ರಾತ್ರಿ ತಾನಾಗಿ ಬರೆದಿಡುವ ಸಾಧನವೇ ಉಷ್ಣತಾ ದಾಖಲೆ ಯಂತ್ರ ಅಥವಾ ಡೇಟಾ ಲಾಗರ್.

ಬಿಸಿಯೂ ಬೇಡ, ಹೆಪ್ಪೂ ಬೇಡ

ಜಾನುವಾರುಗಳ ಹೆಚ್ಚಿನ ಲಸಿಕೆಗಳನ್ನು 2 ರಿಂದ 8 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಇಡಬೇಕು. ಕಾಲುಬಾಯಿ ಬೇನೆಯ ಲಸಿಕೆಯಲ್ಲಿ ನಿಷ್ಕ್ರಿಯಗೊಳಿಸಿದ ವೈರಸ್ ಕಣಗಳಿರುತ್ತವೆ. ಕಣ ಇಡಿಯಾಗಿ ಇದ್ದರೆ ಮಾತ್ರ ದನದ ದೇಹ ಅದನ್ನು ಗುರುತಿಸಿ ಸಾಕಷ್ಟು ಪ್ರತಿಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ಬಿಸಿ ತಗುಲಿದರೆ ಈ ಕಣಗಳು ಚೂರಾಗುತ್ತವೆ. ಒಮ್ಮೆ ಚೂರಾದ ಕಣಗಳು ಮತ್ತೆ ತಂಪಿನಲ್ಲಿ ಇಟ್ಟರೂ ಕೂಡಿಕೊಳ್ಳುವುದಿಲ್ಲ. ಬೇರೆ ಬೇರೆ ದಿನ ತಗುಲಿದ ಬಿಸಿಯ ಹಾನಿ ಒಂದರ ಮೇಲೊಂದು ಕೂಡುತ್ತಲೇ ಹೋಗುತ್ತದೆ.

ಬಿಸಿಯಿಂದ ಲಸಿಕೆ ಕೆಡುತ್ತದೆ ಎಂಬುದು ಬಹಳ ಜನರಿಗೆ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. "ಹೆಚ್ಚು ತಂಪು, ಹೆಚ್ಚು ಕ್ಷೇಮ" ಎಂದು ತಿಳಿದು ಸೀಸೆಗಳನ್ನು ಫ್ರಿಜ್ಜಿನ ಮಂಜುಗಡ್ಡೆ ಪೆಟ್ಟಿಗೆಗೆ ತಗುಲಿಸಿ ಇಡುವವರಿದ್ದಾರೆ. ಇದು ತಪ್ಪು. ಕಾಲುಬಾಯಿ ಬೇನೆಯ ಲಸಿಕೆ ಎಣ್ಣೆ ಮತ್ತು ನೀರು ಬೆರೆತ ದ್ರಾವಣ. ಹೆಪ್ಪುಗಟ್ಟಿ ಕರಗಿದಾಗ ಎಣ್ಣೆ ನೀರು ಬೇರೆಯಾಗಿ ಒಡೆದುಹೋಗಬಹುದು. ಗಳಲೆ ರೋಗ ಮತ್ತು ಚಪ್ಪೆ ಬೇನೆಯ ಲಸಿಕೆಗಳಲ್ಲಿ ಬಳಸುವ ಅಲ್ಯುಮಿನಿಯಂ ಲವಣವೂ ಹೆಪ್ಪುಗಟ್ಟಿದರೆ ಗಂಟುಗಂಟಾಗಿ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ.

ಕೋಳಿಗಳ ಕೊಕ್ಕರೆ ರೋಗ, ಕುರಿ ಮೇಕೆಗಳ ಪಿ.ಪಿ.ಆರ್. ರೋಗಗಳಿಗೆ ಬಳಸುವ ಒಣಪುಡಿ ರೂಪದ ಜೀವಂತ ಲಸಿಕೆಗಳು ಬೇರೆ ಬಗೆಯವು. ಒಣಗಿದ ಸ್ಥಿತಿಯಲ್ಲಿ ಇವು ಹೆಪ್ಪಿಗೆ ಅಷ್ಟು ಹೆದರುವುದಿಲ್ಲ. ಆದರೆ ಬಿಸಿಗೆ ಬಲು ನಾಜೂಕು. ದ್ರಾವಣದಲ್ಲಿ ಕಲಸಿದ ಮೇಲಂತೂ ಮಂಜುಗಡ್ಡೆಯ ಮೇಲಿಟ್ಟುಕೊಂಡು, ಚೀಟಿಯಲ್ಲಿ ತಿಳಿಸಿದ ಅಲ್ಪ ಅವಧಿಯೊಳಗೆ, ಅಂದರೆ ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ, ಮುಗಿಸಬೇಕು. ಉಳಿದುದನ್ನು ಮರುದಿನಕ್ಕೆ ಇಡಬಾರದು.

ದಿನಕ್ಕೆರಡು ಸಲ ನೋಡಿದರೆ ಸಾಲದೆ?

ಲಸಿಕೆ ಇಡುವ ಕಡೆಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಷ್ಣಮಾಪಕವನ್ನು ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಮೊದಲಿನಿಂದಲೂ ಇದೆ. ಇದು ಒಳ್ಳೆಯ ಪದ್ಧತಿಯೇ. ಆದರೆ ಇದರಿಂದ ತಿಳಿಯುವುದು ಆ ಎರಡು ಗಳಿಗೆಗಳ ಸಂಗತಿ ಮಾತ್ರ. ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು.

ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಮನೆಬಳಕೆಯ ಫ್ರಿಜ್ಜಿನಲ್ಲಿ ಲಸಿಕೆ ಇಟ್ಟಿದ್ದಾರೆ ಎಂದುಕೊಳ್ಳೋಣ. ಬೆಳಿಗ್ಗೆ 10 ಗಂಟೆಗೆ ಉಷ್ಣಮಾಪಕ 5 ಡಿಗ್ರಿ ತೋರಿಸಿತು. ಮಧ್ಯಾಹ್ನ ವಿದ್ಯುತ್ ಹೋಯಿತು. ಸಂಜೆ 5 ಗಂಟೆಗೆ ನೋಡಿದಾಗ 9 ಡಿಗ್ರಿ. ಕಾರ್ಯದರ್ಶಿ ಗಾಬರಿಯಾಗಿ ತಂಪಿನ ತಿರುಗುಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಬೀಗ ಹಾಕಿಕೊಂಡು ಮನೆಗೆ ಹೋದರು. ರಾತ್ರಿ ವಿದ್ಯುತ್ ಬಂದಿತು. ಯಾರೂ ಬಾಗಿಲು ತೆರೆಯದ್ದರಿಂದ ಫ್ರಿಜ್ ಬಿಡುವಿಲ್ಲದೆ ಓಡಿ, ಬೆಳಗಿನ ಜಾವ 3 ಗಂಟೆಯ ಹೊತ್ತಿಗೆ ಒಳಗಿನ ಉಷ್ಣತೆ ಸೊನ್ನೆಗಿಂತ 2 ಡಿಗ್ರಿ ಕೆಳಗಿಳಿಯಿತು. ಬೆಳಿಗ್ಗೆ ಹಾಲು ಅಳೆಯುವ ಸಮಯದಲ್ಲಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ಒಂದೆರಡು ಸಲ ಬಾಗಿಲು ತೆರೆದರು. 10 ಗಂಟೆಗೆ ಉಷ್ಣಮಾಪಕದಲ್ಲಿ ಮತ್ತೆ 5 ಡಿಗ್ರಿ. ಪುಸ್ತಕದ ಪ್ರಕಾರ ಆದದ್ದು ಸಂಜೆಯ ಒಂದು ಡಿಗ್ರಿಯ ಏರುಪೇರು ಅಷ್ಟೆ. ನಿಜವಾದ ಹಾನಿ ನಡೆದದ್ದು ಎಲ್ಲರೂ ಮಲಗಿದ್ದಾಗ. ಅದಕ್ಕೆ ಸಾಕ್ಷಿಯೇ ಇಲ್ಲ. ಕೆಟ್ಟ ಲಸಿಕೆ ಊರಿನ ದನಗಳ ಮೈ ಸೇರುತ್ತದೆ, ಆರು ತಿಂಗಳು ಕಾಪಾಡುತ್ತದೆ ಎಂಬ ಭರವಸೆಯಲ್ಲಿ ರೈತ ನಿಶ್ಚಿಂತನಾಗಿರುತ್ತಾನೆ.

ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ದಾಖಲಿಸುವ ಯಂತ್ರ ಒಂದು ದಿನದಲ್ಲಿ 144 ಸಲ, 30 ದಿನಗಳಲ್ಲಿ 4,320 ಸಲ ಉಷ್ಣತೆಯನ್ನು ಗುರುತು ಮಾಡಿಕೊಳ್ಳುತ್ತದೆ. ಬೆಳಗಿನ ಜಾವದ ಆ ಹೆಪ್ಪು ಇದರ ಕಣ್ಣು ತಪ್ಪಿಸುವಂತಿಲ್ಲ.

ಯಂತ್ರದ ರಚನೆ

ಕೃಷಿ ಸಂಶೋಧನಾ ಕೇಂದ್ರಗಳ ಹವಾಮಾನ ವೀಕ್ಷಣಾಲಯವನ್ನು ನೋಡಿದವರಿಗೆ ಇದರ ತತ್ವ ಹೊಸದಲ್ಲ. ಅಲ್ಲಿನ ಬಿಳಿಯ ಮರದ ಪೆಟ್ಟಿಗೆಯಲ್ಲಿ ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಯನ್ನು ಹಿಡಿದಿಡುವ ಉಷ್ಣಮಾಪಕಗಳಿರುತ್ತವೆ. ನಿಧಾನವಾಗಿ ತಿರುಗುವ ಉರುಳೆಯ ಕಾಗದದ ಮೇಲೆ ಲೇಖನಿಯಿಂದ ಉಷ್ಣತೆಯ ಏರಿಳಿತವನ್ನು ಗೆರೆಯಾಗಿ ಎಳೆಯುವ ಥರ್ಮೋಗ್ರಾಫ್ ಕೂಡ ಅಂತಹ ಪೆಟ್ಟಿಗೆಯಲ್ಲಿಯೇ ಕೆಲಸ ಮಾಡುತ್ತ ಬಂದಿದೆ. ಡೇಟಾ ಲಾಗರ್ ಮಾಡುವುದೂ ಇದೇ ಕೆಲಸ. ಉರುಳೆ ಮತ್ತು ಲೇಖನಿಯ ಬದಲಿಗೆ ಇದರಲ್ಲಿ ನಾಲ್ಕು ಭಾಗಗಳಿವೆ: ಉಷ್ಣತೆಯನ್ನು ಗ್ರಹಿಸುವ ಸಂವೇದಕ, ಸಮಯ ತೋರಿಸುವ ಗಡಿಯಾರ, ಅಂಕಿಗಳನ್ನು ಕೂಡಿಡುವ ಸ್ಮರಣ ಕೋಶ ಮತ್ತು ಬ್ಯಾಟರಿ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಯಂತ್ರಗಳೂ ಇವೆ. ಕೆಲವನ್ನು ಕಂಪ್ಯೂಟರಿಗೆ ಜೋಡಿಸಿ ದಾಖಲೆಯನ್ನು ಪಡೆಯಬೇಕು. ಕೆಲವು ಮೊಬೈಲ್ ಜಾಲದ ಮೂಲಕ ತಾವೇ ಸಂದೇಶ ಕಳುಹಿಸುತ್ತವೆ.

ಬಾಗಿಲು ತೆರೆದಾಗ ಐದು ನಿಮಿಷ ಉಷ್ಣತೆ 9 ಡಿಗ್ರಿಗೆ ಏರಿದರೆ ಲಸಿಕೆ ಕೆಡುವುದಿಲ್ಲ. ಆದುದರಿಂದ ಯಂತ್ರ ಉಷ್ಣತೆಯ ಜೊತೆಗೆ ಅವಧಿಯನ್ನೂ ಗಮನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ, ಲಸಿಕೆಯ ಶೈತ್ಯಪೆಟ್ಟಿಗೆಗಳಲ್ಲಿ ಇಡುವ 30 ದಿನಗಳ ದಾಖಲೆ ಯಂತ್ರ ಎರಡು ಸಂದರ್ಭಗಳಲ್ಲಿ ಎಚ್ಚರಿಕೆ ಗುರುತು ತೋರಿಸುತ್ತದೆ. ಉಷ್ಣತೆ 8 ಡಿಗ್ರಿಗಿಂತ ಮೇಲೆ ಸತತ 10 ಗಂಟೆ ಇದ್ದಾಗ ಒಮ್ಮೆ. ಸೊನ್ನೆಗಿಂತ ಅರ್ಧ ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಕೆಳಗಿಳಿದು ಒಂದು ಗಂಟೆ ಕಳೆದಾಗ ಇನ್ನೊಮ್ಮೆ. ಬಿಸಿಗೆ ಹತ್ತು ಗಂಟೆಯ ಅವಕಾಶ, ಹೆಪ್ಪಿಗೆ ಒಂದೇ ಗಂಟೆ. ಹೆಪ್ಪುಗಟ್ಟುವುದು ಎಷ್ಟು ಬೇಗ ಕೇಡು ಮಾಡುತ್ತದೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಆರೋಗ್ಯ ಕೇಂದ್ರಗಳಲ್ಲಿ ಆಗಿರುವ ವ್ಯವಸ್ಥೆ

ಮಕ್ಕಳ ಲಸಿಕೆಗಳ ವಿಷಯದಲ್ಲಿ ನಮ್ಮ ದೇಶ ಈ ದಾರಿಯಲ್ಲಿ ಬಹಳ ಮುಂದೆ ಸಾಗಿದೆ. ಕೇಂದ್ರ ಆರೋಗ್ಯ ಮಂತ್ರಾಲಯವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 2015 ರಲ್ಲಿ ಇ-ವಿನ್ ಎಂಬ ಲಸಿಕಾ ಮಾಹಿತಿ ಜಾಲವನ್ನು ಪ್ರಾರಂಭಿಸಿತು. ಇದರಲ್ಲಿ ಲಸಿಕೆ ಇಡುವ ಶೈತ್ಯಪೆಟ್ಟಿಗೆಗಳಿಗೆ ಸಿಮ್ ಕಾರ್ಡ್ ಇರುವ ದಾಖಲೆ ಯಂತ್ರಗಳನ್ನು ಜೋಡಿಸಲಾಗಿದೆ. ಉಷ್ಣತೆ ಮಿತಿ ಮೀರಿದರೆ ಹೊಣೆ ಹೊತ್ತವರ ಮೊಬೈಲಿಗೆ ಸಂದೇಶ ಹೋಗುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಪೆಟ್ಟಿಗೆಗೆ ಮೇಲ್ಭಾಗದಲ್ಲಿ ಬಾಗಿಲು ಇರುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಬಾಗಿಲು ತೆರೆದರೂ ಅದು ಕೆಳಗೇ ನಿಲ್ಲುತ್ತದೆ. ಗೋಡೆಗಳಲ್ಲಿ ಮಂಜುಗಡ್ಡೆಯ ಪದರವಿರುವುದರಿಂದ ದಿನಕ್ಕೆ 8 ಗಂಟೆ ವಿದ್ಯುತ್ ದೊರೆತರೂ ತಂಪು ಉಳಿಯುತ್ತದೆ. ಮನೆಬಳಕೆಯ ಫ್ರಿಜ್ಜಿಗೆ ಈ ಎರಡು ಗುಣಗಳೂ ಇಲ್ಲ ಎಂಬುದನ್ನು ಸಂಘಗಳು ಮನಗಾಣಬೇಕು.

ಮಕ್ಕಳ ಲಸಿಕೆಯ ಸೀಸೆಗಳ ಮೇಲೆ ವೃತ್ತದೊಳಗೆ ಚೌಕವಿರುವ ಒಂದು ಗುರುತು ಇರುತ್ತದೆ. ಪೋಲಿಯೋ ಹನಿಯ ಸೀಸೆಗಳ ಮೇಲೆ ಇದು 1996 ರಲ್ಲಿ ಮೊದಲು ಬಂದಿತು. ಬಿಸಿ ತಗುಲಿದಷ್ಟೂ ಚೌಕದ ಬಣ್ಣ ಕಡುವಾಗುತ್ತದೆ. ವೃತ್ತದ ಬಣ್ಣಕ್ಕೆ ಸಮನಾದರೆ ಅಥವಾ ಅದಕ್ಕಿಂತ ಕಡುವಾದರೆ ಲಸಿಕೆಯನ್ನು ಬಳಸುವಂತಿಲ್ಲ. ಆದರೆ ಈ ಗುರುತು ಬಿಸಿಯನ್ನು ಮಾತ್ರ ತಿಳಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತಿಳಿಸುವುದಿಲ್ಲ. ಅದಕ್ಕೆ ದಾಖಲೆ ಯಂತ್ರವೇ ಬೇಕು.

ಯಂತ್ರವನ್ನು ಇಡುವ ಮತ್ತು ಪರೀಕ್ಷಿಸುವ ಕ್ರಮ

ಕೋಳಿ ಸಾಕಣೆದಾರರು, ಹಾಲು ಸಂಘಗಳು ಮತ್ತು ಕುರಿಗಾರರ ಸಂಘಗಳು ಯಂತ್ರವನ್ನು ಕೊಂಡಾಗ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಸಂವೇದಕವನ್ನು ಲಸಿಕೆಯ ಸೀಸೆಗಳ ನಡುವೆ ಇಡಬೇಕು. ಬಾಗಿಲಿನ ಕಪಾಟಿನಲ್ಲಿ, ಹಿಂಬದಿಯ ಗೋಡೆಗೆ ತಾಗಿಸಿ ಅಥವಾ ಮಂಜುಗಡ್ಡೆ ಪೆಟ್ಟಿಗೆಯ ಕೆಳಗೆ ಇಡಬಾರದು. ಲಸಿಕೆಗೂ ಇದೇ ನಿಯಮ.

2. ಗಾಳಿಯ ಉಷ್ಣತೆ ಬೇಗ ಏರಿಳಿಯುತ್ತದೆ, ಸೀಸೆಯೊಳಗಿನ ದ್ರವದ್ದು ನಿಧಾನವಾಗಿ. ಆದುದರಿಂದ ಸಂವೇದಕವನ್ನು ಗ್ಲೈಕಾಲ್ ದ್ರವದ ಸಣ್ಣ ಸೀಸೆಯಲ್ಲಿ ಮುಳುಗಿಸಿಟ್ಟ ಯಂತ್ರಗಳು ಹೆಚ್ಚು ನಂಬಿಕೆಗೆ ಅರ್ಹ.

3. ಫ್ರಿಜ್ಜಿನ ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನು ಇಟ್ಟರೆ ವಿದ್ಯುತ್ ಹೋದಾಗಲೂ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಲು, ಊಟದ ಪದಾರ್ಥಗಳನ್ನು ಲಸಿಕೆಯ ಫ್ರಿಜ್ಜಿನಲ್ಲಿ ಇಡಬಾರದು. ಬಾಗಿಲು ತೆರೆಯುವ ಸಂದರ್ಭಗಳು ಕಡಿಮೆಯಾದಷ್ಟೂ ಮೇಲು.

4. ವರ್ಷಕ್ಕೊಮ್ಮೆಯಾದರೂ ಯಂತ್ರವನ್ನು ಪರೀಕ್ಷಿಸಬೇಕು. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ಶುದ್ಧ ನೀರು ಸೇರಿಸಿ, ಥರ್ಮಾಸ್ ಫ್ಲಾಸ್ಕಿನಲ್ಲಿ ತುಂಬಿ, ನೀರು ಸೇರದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಸಂವೇದಕವನ್ನು ಅರ್ಧ ಗಂಟೆ ಅದರಲ್ಲಿ ಹೂತಿಡಬೇಕು. ಯಂತ್ರ ಸೊನ್ನೆಯನ್ನು ತೋರಿಸಬೇಕು. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಯಾರಕರಿಗೆ ಕಳುಹಿಸಿ ಸರಿಪಡಿಸಿಕೊಳ್ಳಬೇಕು.

5. ದಿನಾಂಕ, ಸಮಯ ಸರಿಯಾಗಿವೆಯೇ, ಬ್ಯಾಟರಿಯಲ್ಲಿ ಶಕ್ತಿ ಇದೆಯೇ ಎಂದು ಆಗಾಗ ನೋಡುತ್ತಿರಬೇಕು.

ಎಚ್ಚರಿಕೆ ಗುರುತು ಕಂಡಾಗ

ಗುರುತು ಕಂಡ ಕೂಡಲೆ ಲಸಿಕೆಯನ್ನು ಎಸೆಯಬಾರದು, ಬಳಸಲೂಬಾರದು. ಸೀಸೆಗಳನ್ನು ಬೇರೆ ಚೀಲದಲ್ಲಿ ಹಾಕಿ "ಬಳಸಬೇಡಿ" ಎಂದು ಬರೆದು 2 ರಿಂದ 8 ಡಿಗ್ರಿಯಲ್ಲಿಯೇ ಇಡಬೇಕು. ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂಬುದನ್ನು ಯಂತ್ರದಿಂದ ಬರೆದುಕೊಂಡು ಪಶುವೈದ್ಯರಿಗೆ ತಿಳಿಸಬೇಕು. ಬಳಸಬಹುದೇ ಬೇಡವೇ ಎಂಬುದನ್ನು ಅವರೇ ನಿರ್ಧರಿಸಬೇಕು. ಎಣ್ಣೆ ಲಸಿಕೆ ಒಡೆದ ಹಾಲಿನಂತೆ ಬೇರ್ಪಟ್ಟು, ಕುಲುಕಿದರೂ ಕೂಡಿಕೊಳ್ಳದಿದ್ದರೆ ಅದನ್ನು ಖಂಡಿತ ಬಳಸಬಾರದು. ಆದರೆ ನೋಡಲು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಲಸಿಕೆ ಒಳ್ಳೆಯದೆಂದು ತೀರ್ಮಾನಿಸುವಂತಿಲ್ಲ.

ದಾಖಲೆ ಯಂತ್ರ ತಂಪನ್ನು ಉಂಟುಮಾಡುವುದಿಲ್ಲ ಎಂಬುದನ್ನೂ ಮರೆಯಬಾರದು. ಅದು ಬರೆದದ್ದನ್ನು ದಿನವೂ ನೋಡುವ ಮನುಷ್ಯನೊಬ್ಬ ಇರಬೇಕು. ತಿಂಗಳ ಕೊನೆಯಲ್ಲಿ ಒಮ್ಮೆ ತೆರೆದು ನೋಡಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ.

ಸಾಗಿಸುವಾಗ ಎಚ್ಚರಿಕೆ

ಪೇಟೆಯಿಂದ ಲಸಿಕೆ ತರುವವರು ಥರ್ಮೋಕೋಲ್ ಪೆಟ್ಟಿಗೆ ಅಥವಾ ಲಸಿಕಾ ವಾಹಕವನ್ನು ಒಯ್ಯಬೇಕು. ಹೆಪ್ಪುಗಟ್ಟಿದ ನೀರಿನ ಪೊಟ್ಟಣಗಳನ್ನು ತೆಗೆದ ಕೂಡಲೆ ಪೆಟ್ಟಿಗೆಯಲ್ಲಿ ಇಡಬಾರದು. ಹೊರಮೈ ಬೆವರಿ, ಕಿವಿಯ ಹತ್ತಿರ ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಟ್ಟು, ಆಮೇಲೆ ಜೋಡಿಸಬೇಕು. ಹೀಗೆ ಮಾಡದಿದ್ದರೆ ಪೊಟ್ಟಣಕ್ಕೆ ತಾಗಿದ ಸೀಸೆಗಳು ದಾರಿಯಲ್ಲಿಯೇ ಹೆಪ್ಪುಗಟ್ಟುತ್ತವೆ. ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಪೆಟ್ಟಿಗೆಯನ್ನು ಬಿಟ್ಟುಹೋಗಬಾರದು. ಹೆಚ್ಚಿನ ಪ್ರಮಾಣದಲ್ಲಿ ತರುವಾಗ ಪೆಟ್ಟಿಗೆಯಲ್ಲಿ ಒಂದು ಸಣ್ಣ ದಾಖಲೆ ಯಂತ್ರವನ್ನೂ ಇಟ್ಟರೆ ದಾರಿಯ ವೃತ್ತಾಂತವೆಲ್ಲ ತಿಳಿಯುತ್ತದೆ.

ರೈತರು ಕೇಳಬೇಕಾದ ಪ್ರಶ್ನೆ

ಕಾಲುಬಾಯಿ ಬೇನೆ ಮತ್ತು ಬ್ರೂಸೆಲ್ಲಾ ರೋಗಗಳ ಹತೋಟಿಗಾಗಿ 2019 ರಲ್ಲಿ ರಾಷ್ಟ್ರಮಟ್ಟದ ಕಾರ್ಯಕ್ರಮ ಪ್ರಾರಂಭವಾಯಿತು. ಅದರನ್ವಯ ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ಕ್ರಮವಿದೆ. ಲಸಿಕೆ ಕೆಟ್ಟಿದ್ದರೆ ನಷ್ಟವಾಗುವುದು ಒಂದು ಸೂಜಿಮದ್ದು ಮಾತ್ರವಲ್ಲ. ಹಾಲು ಕುಸಿಯುತ್ತದೆ, ಉಳುವ ಎತ್ತು ಕುಂಟುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ "ಲಸಿಕೆಯಿಂದ ಪ್ರಯೋಜನವಿಲ್ಲ" ಎಂಬ ಮಾತು ಊರಿನಲ್ಲಿ ಹಬ್ಬಿ, ಮುಂದಿನ ಸಲ ಒಳ್ಳೆಯ ಲಸಿಕೆ ಬಂದರೂ ಜನ ದನ ಹಿಡಿದು ತರುವುದಿಲ್ಲ. ಆಗ ರೋಗಕ್ಕೆ ದಾರಿ ತೆರೆದಂತೆಯೇ.

ಆದುದರಿಂದ ಲಸಿಕೆ ಹಾಕಿಸುವ ದಿನ ರೈತರು ಪೆಟ್ಟಿಗೆಯಲ್ಲಿ ತಂಪು ಇದೆಯೇ, ಲಸಿಕೆಯ ಅವಧಿ ಮುಗಿದಿಲ್ಲವಷ್ಟೆ, ಉಷ್ಣತೆಯ ದಾಖಲೆ ಇದೆಯೇ ಎಂದು ವಿನಯದಿಂದಲೇ ಕೇಳಬೇಕು. ಬಿತ್ತನೆ ಬೀಜದ ಚೀಲದ ಮೇಲಿನ ಚೀಟಿಯನ್ನು ಓದಿ ಕೊಳ್ಳುವ ರೈತನಿಗೆ ಇದು ಹೊಸ ಅಭ್ಯಾಸವೇನಲ್ಲ. ಚೆನ್ನಾಗಿ ಕೆಲಸ ಮಾಡುವ ಸಿಬ್ಬಂದಿ ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ದಾಖಲೆಯನ್ನು ಸಂತೋಷದಿಂದಲೇ ತೋರಿಸುತ್ತಾರೆ.