ರಜೆ: ಹಕ್ಕೂ ಹೌದು, ಹೊಣೆಯೂ ಹೌದು



ಒಂದು ವರ್ಷ ಕ್ಯಾಲೆಂಡರಿನಲ್ಲಿ ರಂಜಾನ್ ಹಬ್ಬವೆಂದು ಕೆಂಪಕ್ಷರದಲ್ಲಿ ಅಚ್ಚಾಗಿದ್ದ ದಿನ ನಮ್ಮ ಮತ್ತಿಘಟ್ಟದಲ್ಲಿ ಹಬ್ಬವಾಗಲಿಲ್ಲ. ಹಿಂದಿನ ಸಂಜೆ ಚಂದ್ರದರ್ಶನದ ಸುದ್ದಿ ಬರಲಿಲ್ಲ. ಮೂವತ್ತನೆಯ ರೋಜಾ ಹಿಡಿದೆವು. ಸರಕಾರಿ ರಜೆ ರೋಜಾದ ದಿನಕ್ಕೇ ಮುಗಿಯಿತು. ಮರುದಿನ ಈದ್, ಶಾಲೆಯೂ ಇತ್ತು.

ಆ ಸಂಜೆ ನನ್ನ ಬಳಿ ಕಲಿಯುವ ಹುಡುಗನೊಬ್ಬ ರಜೆ ಅರ್ಜಿಯೊಂದನ್ನು ತಂದು ತೋರಿಸಿದ. 'ನನಗೆ ಜ್ವರ ಬಂದಿರುವುದರಿಂದ' ಎಂದು ಅದರಲ್ಲಿ ಬರೆದಿತ್ತು. "ಹಜ್ರತ್, ಅಬ್ಬಾ ಹೀಗೇ ಬರೆ ಅಂದರು. ನನಗೆ ಇವತ್ತು ರೋಜಾ ಇದೆ. ಸುಳ್ಳು ಬರೆದರೆ ರೋಜಾ ಏನಾಗುತ್ತದೆ?" ಎಂದು ಕೇಳಿದ.

ಸುಳ್ಳು ಮಾತನ್ನು ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಿಲ್ಲ ಎಂಬರ್ಥದ ಹದೀಸನ್ನು ನಾನೇ ಆ ಮಕ್ಕಳಿಗೆ ಕಲಿಸಿದ್ದೆ. ಆ ತಂದೆ ಕೆಟ್ಟವರಲ್ಲ. ಹಬ್ಬಕ್ಕೆಂದು ಕೇಳಿದರೆ ರಜೆ ಸಿಗುತ್ತದೋ ಇಲ್ಲವೋ ಎಂಬ ಅಳುಕು ಅವರಿಂದ ಹಾಗೆ ಬರೆಸಿತ್ತು. ಈ ಅಳುಕಿಗೆ ಕಾರಣ ನಮ್ಮ ಅಜ್ಞಾನ.

ರಜೆಯ ಪಟ್ಟಿಯಲ್ಲಿ ಏನಿದೆ?

ರಾಜ್ಯ ಸರಕಾರ ಪ್ರತಿ ವರ್ಷವೂ ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಮೊದಲೇ ಹೊರಡಿಸುತ್ತದೆ. ಖುತುಬ್-ಎ-ರಂಜಾನ್, ಬಕ್ರೀದ್, ಮೊಹರಂ ಕಡೇ ದಿನ, ಈದ್ ಮಿಲಾದ್ ಇವೆಲ್ಲ ಅದರಲ್ಲಿ ಸೇರುತ್ತವೆ. ಭಾನುವಾರ ಬಿದ್ದ ಹಬ್ಬವನ್ನು ಬೇರೆಯಾಗಿ ತೋರಿಸುವುದಿಲ್ಲ. ಶಬ್-ಎ-ಬರಾತ್, ಶಬ್-ಎ-ಖದ್ರ್‌ನಂಥವು ಪರಿಮಿತ ರಜೆಗಳು. ಈ ಎರಡನೆಯ ಪಟ್ಟಿಯಿಂದ ನೌಕರರು ವರ್ಷಕ್ಕೆ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು.

ಚಾಂದ್ರ ವರ್ಷಕ್ಕೆ ಸುಮಾರು 354 ದಿನ. ಹೀಗಾಗಿ ನಮ್ಮ ಹಬ್ಬಗಳು ವರ್ಷ ವರ್ಷವೂ ಹತ್ತು ಹನ್ನೊಂದು ದಿನ ಮುಂಚೆ ಬರುತ್ತವೆ. ತಿಂಗಳುಗಳ ಮೊದಲೇ ಅಚ್ಚಾದ ತಾರೀಕು ಅಂದಾಜಿನದು, ಚಂದ್ರನ ನೋಟವೇ ನಿರ್ಣಯ. ನಮ್ಮ ಒಂದೇ ಜಿಲ್ಲೆಯಲ್ಲಿ ಭಟ್ಕಳದ ಕರಾವಳಿಗೆ ಒಂದು ದಿನ, ಘಟ್ಟದ ಮೇಲಿನವರಿಗೆ ಮರುದಿನ ಈದ್ ಆಗುವುದುಂಟು. ಸರಕಾರಕ್ಕೂ ಇದು ಗೊತ್ತು. ಹಬ್ಬ ನಿಗದಿತ ದಿನ ಬೀಳದಿದ್ದರೆ ಸರಕಾರಿ ಸೇವೆಯಲ್ಲಿರುವ ಮುಸ್ಲಿಮರಿಗೆ ಅದರ ಬದಲು ಹಬ್ಬದ ದಿನವೇ ರಜೆ ಮಂಜೂರು ಮಾಡಬಹುದೆಂದು ಆ ಅಧಿಸೂಚನೆಯಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಓದಿದ್ದೇವೆ? ನೇರವಾಗಿ ಕೇಳಬಹುದಾದುದನ್ನು ಸುಳ್ಳು ಹೇಳಿ ಪಡೆಯುವುದೇಕೆ?

ಇಸ್ಲಾಮಿನ ದೃಷ್ಟಿಯಲ್ಲಿ ಬಿಡುವು

ಪ್ರವಾದಿವರ್ಯರು(ಸ) ಮದೀನಕ್ಕೆ ಬಂದಾಗ ಅಲ್ಲಿಯ ಜನರಿಗೆ ಆಟಪಾಟದ ಎರಡು ದಿನಗಳಿದ್ದವು. ಅವುಗಳ ಬದಲಿಗೆ ಅಲ್ಲಾಹನು ಅವುಗಳಿಗಿಂತ ಉತ್ತಮವಾದ ಫಿತ್ರ್ ಮತ್ತು ಅಝ್‌ಹಾ ದಿನಗಳನ್ನು ಕೊಟ್ಟಿರುವನೆಂದು ಅವರು ತಿಳಿಸಿದರು. ಆ ದಿನಗಳಲ್ಲಿ ಉಪವಾಸವೇ ನಿಷಿದ್ಧ. ಸಂತೋಷಕ್ಕೂ ನಮ್ಮ ಧರ್ಮದಲ್ಲಿ ಸ್ಥಾನವಿದೆ. ಆದರೆ ಈದ್ ನಮಾಜಿಗೆ ಮುನ್ನ ಬಡವನ ಫಿತ್ರ್ ಝಕಾತ್ ಸಲ್ಲಬೇಕು. ನಮ್ಮ ಸಂತೋಷಕ್ಕಿಂತ ಮೊದಲು ಅವನ ಹೊಟ್ಟೆ.

ಶುಕ್ರವಾರವಿಡೀ ದುಡಿಮೆ ನಿಲ್ಲಿಸಬೇಕೆಂಬ ಆಜ್ಞೆಯೂ ಇಲ್ಲ. ಜುಮಾದ ಕರೆ ಬಂದಾಗ ವ್ಯಾಪಾರ ಬಿಡಿ, ನಮಾಜ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಿರಿ ಎಂಬುದು ಸೂರಾ ಅಲ್ ಜುಮುಅಃದ ಬೋಧನೆ. ಕೆಲಸವೂ ಇಬಾದತ್, ಬಿಡುವೂ ಇಬಾದತ್.

ಕೇಳುವವರೇ ಕೊಡುವವರಾದಾಗ

ಇನ್ನು ನಮ್ಮ ಮನಸ್ಸಾಕ್ಷಿಯನ್ನು ತಟ್ಟಬೇಕಾದ ಮಾತು. ರಜೆ ಆಕಾಶದಿಂದ ಬಿದ್ದದ್ದಲ್ಲ. ಬೊಂಬಾಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಹೋರಾಡಿದ ಫಲವಾಗಿ 1890ರಲ್ಲಿ ಭಾನುವಾರದ ಬಿಡುವು ಪಡೆದರು. ಕಾರ್ಖಾನೆ, ಅಂಗಡಿಗಳ ಕೆಲಸಗಾರರಿಗೆ ರಾಷ್ಟ್ರೀಯ ದಿನಗಳಲ್ಲೂ ಹಬ್ಬಗಳಲ್ಲೂ ಸಂಬಳ ಸಹಿತ ರಜೆ ಕೊಡಬೇಕೆಂದು ನಮ್ಮ ರಾಜ್ಯದಲ್ಲಿ 1963ರಲ್ಲಿ ಕಾಯ್ದೆಯಾಯಿತು. ಆದರೆ ಅಡಿಕೆ ಮರ ಹತ್ತುವ ಕೊನೆಗೌಡನಿಗೆ, ರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸಿಗೆ, ದುಡಿದ ದಿನಕ್ಕಷ್ಟೇ ಕೂಲಿ. ಕೆಂಪಕ್ಷರದ ದಿನ ಅವರ ಒಲೆಗೆ ಉಪವಾಸದ ದಿನ.

ನಿಮ್ಮ ಅಂಗಡಿಯಲ್ಲಿ ದುಡಿಯುವ ಹಿಂದೂ ಹುಡುಗನಿಗೆ ದೊಡ್ಡಹಬ್ಬಕ್ಕೆ ರಜೆ ಕೊಡುತ್ತೀರಾ? ಆ ದಿನದ ಕೂಲಿ ಹಿಡಿಯದೆ ಕೊಡುತ್ತೀರಾ? ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ, ಮಕ್ಕಳನ್ನು ಕರೆದೊಯ್ಯಲು ಅವನಿಗೆ ಅರ್ಧ ದಿನವಾದರೂ ಬಿಡುತ್ತೀರಾ? ಮನೆಗೆಲಸದ ಬಡ ತಾಯಿ ಈದ್ ದಿನ ನಮ್ಮ ಪಾತ್ರೆ ತೊಳೆಯುತ್ತಿದ್ದರೆ ಅವಳ ಮಕ್ಕಳ ಈದ್ ಯಾವಾಗ? ಕೈಕೆಳಗಿನವರ ಮೇಲೆ ಶಕ್ತಿಮೀರಿದ ಭಾರ ಹೊರಿಸಬೇಡಿ, ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬುದು ಪ್ರವಾದಿವರ್ಯರ(ಸ) ಆದೇಶ. ನಾವು ಮೇಲಧಿಕಾರಿಯಿಂದ ಬಯಸುವ ಉದಾರತೆಯನ್ನು ಕೈಕೆಳಗಿನವನಿಗೆ ತೋರದಿದ್ದರೆ ನಮ್ಮ ಬೇಡಿಕೆಗೆ ತೂಕವಿಲ್ಲ.

ಆ ಹುಡುಗ ಅರ್ಜಿಯನ್ನು ಹರಿದು ಬೇರೆ ಬರೆದ: 'ಚಂದ್ರದರ್ಶನವಾಗದೆ ನಮ್ಮ ಹಬ್ಬ ನಾಳೆ ಇರುವುದರಿಂದ ಒಂದು ದಿನ ರಜೆ ಕೊಡಬೇಕಾಗಿ ವಿನಂತಿ.' ತಂದೆ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಸಹಿ ಹಾಕಿದರು. ಬೆಳಿಗ್ಗೆ ನೆರೆಮನೆಯ ಹುಡುಗನ ಕೈಯಲ್ಲಿ ಅದನ್ನು ಶಾಲೆಗೆ ಕಳುಹಿಸಿದೆವು. ಮುಖ್ಯೋಪಾಧ್ಯಾಯರು ರಜೆ ಮಂಜೂರು ಮಾಡಿದ್ದಲ್ಲದೆ, ನಾಳೆ ಬರುವಾಗ ಶೀರ್ ಖುರ್ಮಾ ಮರೆಯಬೇಡ ಎಂದು ಹೇಳಿ ಕಳುಹಿಸಿದರಂತೆ.

ಸತ್ಯದಿಂದ ಕೇಳುವ ನಾಲಗೆಯನ್ನೂ ಸಂತೋಷದಿಂದ ಕೊಡುವ ಕೈಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.