ಹೊಸೂರು ಹುಡುಕಿದರೆ ಹೊಸೂರೇ ಸಿಗಲು ಏಳು ಸೂತ್ರ

ಕೃಷ್ಣಗಿರಿಯ ಮಾವಿನ ಮಂಡಿಯೊಂದರ ಗಿರಾಕಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿಕೊಟ್ಟಿದ್ದೆ. ವಿಳಾಸದ ಕಾಲಂ ನೋಡಿದರೆ ನಗು ಬರಬೇಕು. ಇಂಗ್ಲಿಷಿನಲ್ಲಿ ‘ಹೊಸೂರು’ ಬರೆಯುವಾಗ ಕನ್ನಡದವರು ಎಚ್ ಹಾಕಿದ್ದರು, ತಮಿಳರು ಕೆಲವರು ಬಿಟ್ಟಿದ್ದರು. ಒಬ್ಬರದು ಪೂರ್ತಿ ಕ್ಯಾಪಿಟಲ್, ಇನ್ನೊಬ್ಬರದು ಪೂರ್ತಿ ಸ್ಮಾಲ್.

1. ಡೇಟಾಬೇಸ್ ಯಾವುದೆಂದು ಮೊದಲು ಕೇಳಿ. ಪೋಸ್ಟ್‌ಗ್ರೆಸ್‌ನ ಹುಡುಕುವ ಆಜ್ಞೆ ‘ಲೈಕ್’ಗೆ ಕ್ಯಾಪಿಟಲ್ ಬೇರೆ, ಸ್ಮಾಲ್ ಬೇರೆ, ಅಲ್ಲಿ ‘ಐಲೈಕ್’ ಬಳಸಿ. ಮೈಎಸ್‌ಕ್ಯೂಎಲ್ 8ರಲ್ಲಿ ಡೀಫಾಲ್ಟ್ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ಬದಲಿಸದಿದ್ದರೆ ‘ಲೈಕ್’ ಒಂದೇ ಸಾಕು.

2. ಜಗಳದ ಅಕ್ಷರ ಬಿಡಿ. ಎಚ್ ಕಳೆದು, ಉಳಿದ ನಾಲ್ಕು ಇಂಗ್ಲಿಷ್ ಅಕ್ಷರಗಳ ಆಚೀಚೆ % (ಇಲ್ಲಿ ಏನಿದ್ದರೂ ಸರಿ ಎಂಬ ಗುರುತು) ಇಟ್ಟರೆ ಎರಡೂ ಕಾಗುಣಿತ ಒಂದೇ ಬಲೆಗೆ ಬೀಳುತ್ತವೆ.

3. ಬಲೆಗೆ ಬಿದ್ದದ್ದೆಲ್ಲ ಮೀನಲ್ಲ. ಬೆಂಗಳೂರಿನ ಹೊಸೂರು ರಸ್ತೆಯವರೂ ಬಂದು ಕೂರುತ್ತಾರೆ. ಹೀಗೇ ಒಮ್ಮೆ ಕಾಯಿಯ ರೇಟಿನ ಎಸ್‌ಎಂಎಸ್ ಕಳಿಸಿ ಬೊಮ್ಮನಹಳ್ಳಿಯವರಿಂದ ಬೈಸಿಕೊಂಡೆ. ಪಿನ್‌ಕೋಡನ್ನೂ ಸೇರಿಸಿ: ಹೊಸೂರಿನದು 635, ಬೆಂಗಳೂರಿನದು 560ರಿಂದ ಶುರು.

4. ಕನ್ನಡದಲ್ಲಿ ತುಂಬಿದ ಪಟ್ಟಿಯ ಕಥೆಯೇ ಬೇರೆ. ನಮ್ಮ ಲಿಪಿಗೆ ಕ್ಯಾಪಿಟಲ್‌ನ ರಗಳೆಯಿಲ್ಲ, ಸಂಧಿಯ ರಗಳೆಯಿದೆ. ‘ಊರು’ ಎಂದು ಹುಡುಕಿ ನೋಡಿ, ‘ಹೊಸೂರು’ ಸಿಗುವುದಿಲ್ಲ! ಹೊಸ + ಊರು, ಲೋಪಸಂಧಿ. ಮೇಷ್ಟರು ಕಿವಿ ಹಿಂಡಿ ಕಲಿಸಿದ್ದೇ. ಸಂಧಿಯಾದಾಗ ‘ಊ’ ಅಕ್ಷರ ಹೋಗಿ ‘ಸ’ಕ್ಕೆ ಕೊಂಬು ಬಂತು. ಯೂನಿಕೋಡ್‌ನಲ್ಲಿ ಆ ಅಕ್ಷರಕ್ಕೂ ಈ ಕೊಂಬಿಗೂ ಬೇರೆ ಬೇರೆ ಸಂಖ್ಯೆ. ‘ಬಾಗಲೂರು’ ಕೂಡ ಹೀಗೇ ಕೈತಪ್ಪುತ್ತದೆ. ‘ಸೂರು’, ‘ಲೂರು’ ಎಂದು ಹುಡುಕಿ.

5. ಇನ್ನೂ ಒಂದು ಕಿತಾಪತಿ: ‘ಹೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಎತ್ವ ಮತ್ತು ಕೊಂಬು ಎಂದು ಎರಡು ತುಂಡಾಗಿಯೂ ಉಳಿಸಬಹುದು. ಕಣ್ಣಿಗೆ ವ್ಯತ್ಯಾಸ ಕಾಣದು, ಪೋಸ್ಟ್‌ಗ್ರೆಸ್‌ಗೆ ಕಾಣುತ್ತದೆ. 13ನೇ ಆವೃತ್ತಿಯಿಂದ ಅದರಲ್ಲಿ ಎರಡನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಇದೆ. ಪಟ್ಟಿಯನ್ನೂ ಹುಡುಕುವ ಪದವನ್ನೂ ಅದರ ಮೂಲಕ ಹಾಯಿಸಿ.

6. ಹುಡುಕುವ ಪದದ ಮೊದಲಿಗೇ % ಇದ್ದರೆ ಮಾಮೂಲಿ ಇಂಡೆಕ್ಸ್ ದಂಡ. ಸಾವಿರ ಸಾಲಿಗೆ ತಲೆ ಕೆಡಿಸಿಕೊಳ್ಳಬೇಡಿ. ಲಕ್ಷಗಟ್ಟಲೆಯಾದರೆ ಪದಗಳನ್ನು ಮೂರು ಮೂರು ಅಕ್ಷರಗಳ ತುಂಡು ಮಾಡಿ ನೆನಪಿಡುವ ಟ್ರೈಗ್ರಾಮ್ ಇಂಡೆಕ್ಸ್ ಹಾಕಿ.

7. ಊರು ಬಿಟ್ಟು ಹಣ್ಣಿಗೆ ಬಂದಾಗ ನಾನು ಸೋತೆ. ತೋತಾಪುರಿ, ಗಿಣಿಮೂತಿ, ಕಿಳಿಮೂಕ್ಕು, ಬೆಂಗಳೂರಾ: ನಾಲ್ಕೂ ಒಂದೇ ಮಾವು, ಹೊಂದುವ ತುಂಡೇ ಇಲ್ಲ. % ಎಷ್ಟು ಸುರಿದರೂ ವ್ಯರ್ಥ. ಅಡ್ಡಹೆಸರುಗಳಿಗೆಂದೇ ಬೇರೆ ಟೇಬಲ್ ಮಾಡಿ. ಮಂಡಿಯ ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ತರಿಸಿ, ಅವರು ಹೇಳಿದಂತೆ ತುಂಬಿ.