ಕೆಲಸದ ಜಾಗದಲ್ಲಿ ಆದದ್ದನ್ನು ಯಾರಿಗೆ ಹೇಳೋಣ?



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಕಂತು ಎಲ್ಲ ಬರೆದು ಮುಗಿದ ಮೇಲೂ ಯಾರಾದರೊಬ್ಬರು ಏಳದೆ ಕೂತಿರುತ್ತಾರೆ. ಹಾಗೆ ಕೂತಿದ್ದ ಒಬ್ಬ ತಂಗಿ ನಮ್ಮ ಹತ್ತಿರ ಹೇಳಿದರು: "ಸಿಸ್ಟರ್, ಮೇಸ್ತ್ರಿ ಕೈ ಹಿಡಿದು ಎಳೆದ. ಬೈದು ಬಂದೆ. ಮರುದಿನದಿಂದ ಕೆಲಸಕ್ಕೆ ಕರೀಲಿಲ್ಲ, ವಾರದ ಕೂಲಿನೂ ಕೊಡಲಿಲ್ಲ." ಇದಾಗಿ ಎಂಟು ತಿಂಗಳಾಗಿತ್ತು. "ನೀನೇ ಏನೋ ಮಾಡಿರ್ತೀಯ" ಅಂದಾರೆಂದು ಗಂಡನಿಗೂ ಹೇಳಿರಲಿಲ್ಲ.

ಗಾರೆ ಕೆಲಸ, ಮನೆಗೆಲಸ, ತೋಟದ ಕೂಲಿ, ಅಡಿಕೆ ಸುಲಿಯುವುದು, ಇಲ್ಲೆಲ್ಲ ನೇಮಕದ ಪತ್ರವಿಲ್ಲ. "ನಾಳೆಯಿಂದ ಬರಬೇಡ" ಅಂದರೆ ಮುಗಿಯಿತು. ಅದಕ್ಕೇ ಕಾನೂನು ಏನಿದ್ದರೂ ಆಫೀಸಿನವರಿಗೆ ಎಂದು ನಾವು ಅಂದುಕೊಂಡಿದ್ದೇವೆ. ಆದರೆ ಆ ಕಾನೂನು ಬರಲು ಕಾರಣ ಒಬ್ಬ ಹಳ್ಳಿ ಹೆಂಗಸು. ರಾಜಸ್ಥಾನದ ಭಟೇರಿಯ ಭಂವರಿ ದೇವಿ ಸರ್ಕಾರದ ಮಹಿಳಾ ಕಾರ್ಯಕ್ರಮದ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆ.

ದಿನಗೂಲಿಯವರೂ ಮನೆಗೆಲಸದವರೂ ಈ ಕಾಯ್ದೆಯಲ್ಲಿ ಸೇರಿದ್ದಾರೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆ, ಅಥವಾ ಧಣಿಯ ಮೇಲೆಯೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆದುಕೊಡಬೇಕು. ತಾಲ್ಲೂಕಿನಲ್ಲಿ ದೂರು ತೆಗೆದುಕೊಳ್ಳಲು ನೋಡಲ್ ಅಧಿಕಾರಿ ಇರಬೇಕು. ಅವರು ಏಳು ದಿನದೊಳಗೆ ಸಮಿತಿಗೆ ಕಳುಹಿಸಬೇಕು. ಬರೆಯಲು ಬಾರದಿದ್ದರೆ ಸಮಿತಿಯವರೇ ಸಹಾಯ ಮಾಡಬೇಕು. ನೊಂದವರು ತಾವೇ ದೂರು ಕೊಡಲಾಗದಿದ್ದರೆ, ಅವರ ಲಿಖಿತ ಒಪ್ಪಿಗೆ ಪಡೆದು, ವಿಷಯ ಗೊತ್ತಿರುವ ಬೇರೆಯವರೂ ಕೊಡಬಹುದು. ಅಂದರೆ ಸಂಘದ ಪ್ರತಿನಿಧಿಯೂ ಕೊಡಬಹುದು. ಮನೆಗೆಲಸದವರ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಮಿತಿ ಅದನ್ನು ಪೊಲೀಸರಿಗೆ ಕಳುಹಿಸಬೇಕು. ಸಾಕ್ಷಿ ಸಾಲದೆ ದೂರು ಬಿದ್ದುಹೋದರೆ, ಅಷ್ಟಕ್ಕೇ ಅದು ಸುಳ್ಳು ದೂರು ಆಗುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ, ಹೆದರಿಸುವವರು ಮೊದಲು ಹೇಳುವುದೇ ಅದು.

ಸಮಯ ಮಾತ್ರ ಕಡಿಮೆ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು. ಆ ತಂಗಿ ಎಂಟನೇ ತಿಂಗಳು ಬಾಯಿ ಬಿಟ್ಟಾಗ ಸಮಿತಿಯ ಬಾಗಿಲು ಮುಚ್ಚಿತ್ತು. ಪೊಲೀಸ್ ದೂರಿಗೆ ಈ ಮೂರು ತಿಂಗಳ ಮಿತಿ ಇಲ್ಲ. ಆದರೆ ಠಾಣೆ ಮೆಟ್ಟಿಲು ಹತ್ತಲು ಅವರು ಒಪ್ಪಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ಮೊದಲೇ ಕೇಳಬೇಕಿತ್ತು ಎಂಬ ಬೇಸರ ನಮಗೆ ಇದೆ.

ಯಾರಾದರೂ ಹೇಳಿಕೊಂಡರೆ ನಿರ್ಣಯ ಪುಸ್ತಕದಲ್ಲಿ ಬರೆಯಬೇಡಿ, ಅದನ್ನು ಹತ್ತು ಜನ ಓದುತ್ತಾರೆ. ಬೇರೆ ಹಾಳೆಯಲ್ಲಿ ದಿನಾಂಕ, ಜಾಗ, ಆಡಿದ ಮಾತು, ಹತ್ತಿರ ಇದ್ದವರು, ಇಷ್ಟು ಬರೆದು ಅವರ ಕೈಗೇ ಕೊಡಿ. ತುರ್ತಿದ್ದರೆ 112, ಮಹಿಳಾ ಸಹಾಯವಾಣಿ 181.

ಮುಂದಿನ ಸಭೆಗೆ ಮೊದಲು ಇಬ್ಬರು ಸಿಡಿಪಿಒ ಕಚೇರಿಗೆ ಹೋಗಿ ನಮ್ಮ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರೆಂದು ಕೇಳಿ ಬನ್ನಿ. "ಗೊತ್ತಿಲ್ಲ" ಅಂದರೆ ಆಶ್ಚರ್ಯಪಡಬೇಡಿ, ಕಾಯ್ದೆ ಸರಿಯಾಗಿ ಜಾರಿಯಾಗಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆಗ ಅದೇ ಪ್ರಶ್ನೆಯನ್ನು ಬರೆದುಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ.